ಸಾಬೂನಿನ ನೀರಿನಲ್ಲಿ ಹುಟ್ಟಿದ ರಬ್ಬರು

ಚಿತ್ರದುರ್ಗದ ಕೋಟೆಯ ಸುತ್ತ, ಹಿರಿಯೂರಿನ ಬಯಲಿನಲ್ಲಿ ಎಕ್ಕದ ಗಿಡವನ್ನು ಕಾಣದವರಿಲ್ಲ. ಎಲೆ ಮುರಿದರೆ ಬಿಳಿಯ ಹಾಲು ಒಸರುತ್ತದೆ. ಬೆರಳಿಗೆ ಹತ್ತಿ ಒಣಗಿದರೆ ಅಂಟಾಗುತ್ತದೆ. ರಬ್ಬರಿನ ಮರದ ಹಾಲೂ ನೋಟಕ್ಕೆ ಹೀಗೆಯೇ: ನೀರಿನಲ್ಲಿ ತೇಲುವ ಅತಿ ಸಣ್ಣ ರಬ್ಬರಿನ ಕಣಗಳು. ಇಂಥ ಹಾಲನ್ನು ಮನುಷ್ಯನೇ ಪಾತ್ರೆಯಲ್ಲಿ ಮಾಡಲು ಹೊರಟ ಕಥೆ ಸ್ವಾರಸ್ಯವಾದುದು.

1912ರ ಸುಮಾರಿಗೆ ಜರ್ಮನಿಯ ಬಾಯರ್ ಸಂಸ್ಥೆಯ ರಸಾಯನಜ್ಞರು ಮರವನ್ನೇ ಗುರುವಾಗಿ ಹಿಡಿದು, ಮೊಟ್ಟೆಯ ಲೋಳೆ, ಪಿಷ್ಟ, ಜೆಲಟಿನ್‌ಗಳನ್ನು ನೀರಿಗೆ ಬೆರಸಿ ನೋಡಿದರು. ಕೆಲಸ ಬಹು ನಿಧಾನವಾಗಿತ್ತು. 1920ರ ದಶಕದಲ್ಲಿ ಸಾಬೂನು ಕೈಗೆ ಬಂದ ಮೇಲೆ ದಾರಿ ತೆರೆಯಿತು.

1942ರ ಫೆಬ್ರವರಿಯಲ್ಲಿ ಸಿಂಗಾಪುರ ಜಪಾನಿಗೆ ಶರಣಾಯಿತು. ಮಲಯದ ರಬ್ಬರು ನಿಂತಿತು. ನಮ್ಮ ದೇಶದಲ್ಲಿ ಟೈರಿಗೂ ರೇಷನ್ ಬಂದಿತು. ಅಮೆರಿಕದವರು ಕಾರ್ಖಾನೆಗಳಿಗೆಲ್ಲ ಒಂದೇ ಪಾಕ ಗೊತ್ತುಮಾಡಿದರು. ತೂಕದಲ್ಲಿ ಬ್ಯುಟಡೈಯೀನ್ 75 ಪಾಲು, ಸ್ಟೈರೀನ್ 25, ನೀರು 180, ಸಾಬೂನು 5, ಪೊಟ್ಯಾಸಿಯಂ ಪರ್‌ಸಲ್ಫೇಟ್ 0.3, ಡೋಡೆಸೈಲ್ ಮರ್ಕ್ಯಾಪ್ಟನ್ 0.5, ಶಾಖ 50 ಡಿಗ್ರಿ ಸೆಂಟಿಗ್ರೇಡ್. 1945ರಲ್ಲಿ ಅಲ್ಲಿ ಏಳು ಲಕ್ಷ ಟನ್ನಿಗೂ ಮೀರಿ ಕೃತಕ ರಬ್ಬರು ತಯಾರಾಯಿತು.

ಈ ಪಾಕ ಒಳಗೆ ನಡೆಯುವುದು ಹೇಗೆ? ಸಾಬೂನಿನ ಅಣುವಿಗೆ ಒಂದು ತುದಿಯಲ್ಲಿ ನೀರಿನ ಒಲವು, ಇನ್ನೊಂದು ತುದಿಯಲ್ಲಿ ಎಣ್ಣೆಯ ಒಲವು. ನೀರಿನಲ್ಲಿ ಸಾಬೂನು ಒಂದು ಮಿತಿ ಮೀರಿದಾಗ 50ರಿಂದ 100 ಅಣುಗಳು ಎಣ್ಣೆಯ ತುದಿಗಳನ್ನು ಒಳಗಿಟ್ಟುಕೊಂಡು ಗುಂಪುಗೂಡುತ್ತವೆ. ಈ ಗುಂಪಿಗೆ ಮಿಸೆಲ್ ಎಂದು ಹೆಸರು. ಪರ್‌ಸಲ್ಫೇಟ್ ಕಾದು ಒಡೆದು ಚುರುಕಾದ ತುಣುಕುಗಳಾಗುತ್ತದೆ. ಇವೇ ಅಣುಗಳನ್ನು ಸರಪಣಿಯಾಗಿ ಹೆಣೆಯತೊಡಗುತ್ತವೆ. ಹೆಣಿಗೆ ನಡೆಯುವುದು ದೊಡ್ಡ ಹನಿಗಳಲ್ಲೆಂದೇ ಹಲವರು ತಿಳಿದಿದ್ದರು. ಅದು ಹಾಗಲ್ಲ, ಹೆಣಿಗೆ ಮೊದಲಾಗುವುದು ಲೆಕ್ಕವಿಲ್ಲದಷ್ಟಿರುವ ಮಿಸೆಲ್‌ಗಳಲ್ಲಿ, ಹನಿಗಳು ಬರಿಯ ಕಣಜಗಳು ಎಂದು ಷಿಕಾಗೋದ ಹಾರ್ಕಿನ್ಸ್ 1947ರಲ್ಲಿ ವಿವರಿಸಿದರು. ಮರುವರ್ಷ ಸ್ಮಿತ್ ಮತ್ತು ಎವರ್ಟ್ ಅದಕ್ಕೆ ಗಣಿತ ಕಟ್ಟಿದರು. ಮರ್ಕ್ಯಾಪ್ಟನ್ನಿನ ಕೆಲಸ ಸರಪಣಿ ಅತಿಯಾಗಿ ಬೆಳೆಯದಂತೆ ತಡೆಯುವುದು. ನೀರಿನ ಕೆಲಸ ಹುಟ್ಟಿದ ಶಾಖವನ್ನು ಹೀರುವುದು. ಕೊನೆಗೆ ಉಪ್ಪು, ಆಮ್ಲ ಹಾಕಿದರೆ ಹಾಲು ಒಡೆದಂತೆ ರಬ್ಬರು ಗಟ್ಟಿಯಾಗಿ ಬೇರೆಯಾಗುತ್ತದೆ.

ಇದರ ಸಾಮಗ್ರಿ ನಮ್ಮ ಸೀಮೆಗೆ ತೀರ ಪರಕೀಯವಲ್ಲ. ಹೊಸದುರ್ಗ, ಹೊಳಲ್ಕೆರೆಯವರು ಬಲ್ಲ ಕೊಬ್ಬರಿಯ ಎಣ್ಣೆಯಿಂದ ಸೋಡಿಯಂ ಲಾರಿಲ್ ಸಲ್ಫೇಟ್ ಆಗುತ್ತದೆ. ಇಂದು ಸಾಬೂನಿನ ಸ್ಥಾನದಲ್ಲಿ ಅದನ್ನೂ ಬಳಸುತ್ತಾರೆ. 1907ರಲ್ಲಿ ಮುಗಿದ ವಾಣೀವಿಲಾಸ ಸಾಗರದ ಕೆಳಗೆ ಬೆಳೆದ ಕಬ್ಬನ್ನೇ ನೋಡಿ: ಕಬ್ಬಿನಿಂದ ಕಾಕಂಬಿ, ಕಾಕಂಬಿಯಿಂದ ಮದ್ಯಸಾರ, ಮದ್ಯಸಾರದಿಂದ ಬ್ಯುಟಡೈಯೀನ್. ಉತ್ತರ ಪ್ರದೇಶದ ಬರೇಲಿಯಲ್ಲಿ 1963ರಲ್ಲಿ ಆರಂಭವಾದ ಕೃತಕ ರಬ್ಬರಿನ ಕಾರ್ಖಾನೆ ಮದ್ಯಸಾರದ ಈ ದಾರಿಯನ್ನೇ ಹಿಡಿದಿತ್ತು. ಅಗ್ಗದ ಪೆಟ್ರೋಲಿಯಂ ಬಂದು ಆ ದಾರಿ ಹಿಂದೆ ಬಿದ್ದಿತು. ಆದರೆ ನೆಲದೆಣ್ಣೆ ಅಕ್ಷಯಪಾತ್ರೆಯಲ್ಲ. ಯುದ್ಧ ಕಲಿಸಿದ ಪಾಠವನ್ನು ಕೊರತೆ ಬರುವ ಮೊದಲೇ ನೆನೆಯುವುದು ಲೇಸು.