ಅಡಿಕೆ ದೋಟಿಯ ಬಿಗಿತವನ್ನು ಅಳೆಯುವ ವಿಧಾನ

ಉಡುತಡಿ ಸೇರಿದಂತೆ ಶಿಕಾರಿಪುರ, ಸೊರಬ ತಾಲ್ಲೂಕುಗಳ ಅಡಿಕೆ ಬೆಳೆಗಾರರು ಕೊನೆ ಕೊಯ್ಲಿಗೆ ಹಾಗೂ ಬೋರ್ಡೋ ದ್ರಾವಣ ಸಿಂಪಡಣೆಗೆ ಬಳಸಬಹುದಾದ ಸಾಧನ ಕಾರ್ಬನ್ ಫೈಬರ್ ದೋಟಿ. ಇದು ಅತಿಯಾಗಿ ಬಾಗಿದರೆ ದೋಷವು ಕೊಳವೆಯಲ್ಲಿರಬಹುದು ಅಥವಾ ಅದಕ್ಕೆ ಅಂಟಿಸಿದ ಲೋಹದ ತುದಿಯಲ್ಲಿರಬಹುದು. ಆದ್ದರಿಂದ ಎರಡನ್ನೂ ಪ್ರತ್ಯೇಕವಾಗಿ ಅಳೆಯಬೇಕು.

ಕೊಳವೆ: ಲೋಹದ ಭಾಗವನ್ನು ಹೊರಗಿಟ್ಟು, 2 ಮೀಟರ್ ಅಂತರದ ಎರಡು ಆಧಾರಗಳ ಮೇಲೆ ಕೊಳವೆಯನ್ನಿರಿಸಿ. ಮೊದಲು 1 ಕಿಲೋ ತೂಕ ತೂಗುಬಿಟ್ಟು ಡಯಲ್ ಗೇಜನ್ನು ಸೊನ್ನೆಗೆ ಹೊಂದಿಸಿ. ಬಳಿಕ ನಡುವೆ ಇನ್ನೂ 5 ಕಿಲೋ ಸೇರಿಸಿ ಬಾಗುವಿಕೆಯನ್ನು ದಾಖಲಿಸಿ.

ಜೋಡಣೆ: ಅದೇ ಅಂತರದಲ್ಲಿ ಜೋಡಣೆಯನ್ನು ನಡುವಿಗೆ ತಂದು ಪರೀಕ್ಷೆಯನ್ನು ಪುನರಾವರ್ತಿಸಿ. ಒಂದೇ ಗಾತ್ರದ ಕೊಳವೆಗಳಲ್ಲಿ ಜೋಡಣೆಯು ಕೊಳವೆಗಿಂತ ಹೆಚ್ಚು ಬಾಗಿದರೆ, ಅಥವಾ 5 ಕಿಲೋ ತೆಗೆದ ನಂತರ ಗೇಜು ಸೊನ್ನೆಗೆ ಮರಳದಿದ್ದರೆ, ಅಂಟು ಅಥವಾ ಬಿಗಿಪಟ್ಟಿ ಸಡಿಲಗೊಂಡಿರುವ ಸಾಧ್ಯತೆಯಿದೆ.

ಬಾಗುವಿಕೆಯು ಅಂತರದ ಘನಕ್ಕೆ ಅನುಪಾತದಲ್ಲಿರುವುದರಿಂದ, ಅಂತರ ಶೇ. 10 ಹೆಚ್ಚಿದರೆ ಬಾಗುವಿಕೆ ಸುಮಾರು ಶೇ. 33 ಹೆಚ್ಚುತ್ತದೆ. ಹೊಸ ದೋಟಿಯ ಅಳತೆಯನ್ನು ಬರೆದಿಟ್ಟು, ಪ್ರತಿ ಕೊಯ್ಲಿಗೆ ಮುನ್ನ ಹೋಲಿಸುವುದು ಸೂಕ್ತ.

ಎಚ್ಚರಿಕೆ: ಅಂಟಿನ ಅಂಚಿನಲ್ಲಿ ಬಿರುಕು ಕಂಡರೆ, ಅಳತೆ ಸರಿಯಿದ್ದರೂ ದೋಟಿಯನ್ನು ಬಳಸಬಾರದು. ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ವಿದ್ಯುತ್ ತಂತಿಯ ಸಮೀಪ ದೋಟಿಯನ್ನು ಎತ್ತಲೇಬಾರದು.