ಫೀನಿಕ್ಸ್‌ನ ಬಿಸಿಲಿಗೆ ಬಾಡಿದ ‘ಎಲೆ’

ವಿದ್ಯುತ್ ಕಾರಿನ ಬ್ಯಾಟರಿ ಅತಿಯಾಗಿ ಬಿಸಿಯಾಯಿತೆಂದರೆ ನಮ್ಮ ಕಣ್ಣ ಮುಂದೆ ಬರುವುದು ಹೊಗೆ ಮತ್ತು ಬೆಂಕಿ. ಆದರೆ ಕಾರಿನ ಮಾಲೀಕರೂ ತಯಾರಕರೂ ಎದುರುಬದುರಾಗಿ ನಿಂತು ಈ ದೋಷವನ್ನು ಪರೀಕ್ಷಿಸಿದ ಒಂದು ದೊಡ್ಡ ಪ್ರಕರಣದಲ್ಲಿ ಇವೆರಡೂ ಇರಲಿಲ್ಲ. ಡ್ಯಾಶ್‌ಬೋರ್ಡ್ ಮೇಲಿನ ಒಂದು ಸಣ್ಣ ಗೀಟು ಕಾಣೆಯಾಗಿತ್ತು, ಅಷ್ಟೆ. ಕಿರುತೆರೆಯ ಮಾತುಕತೆಯಲ್ಲಿ ಅವಸರದಿಂದ ದಾಟಿಹೋಗುವ ಆ ಕಥೆಯನ್ನು ಇಲ್ಲಿ ಕೊಂಚ ವಿವರವಾಗಿ ನೋಡಬಹುದು.

ಜಪಾನಿನ ನಿಸಾನ್ ಸಂಸ್ಥೆ ‘ಲೀಫ್’ ಎಂಬ ಕಾರನ್ನು 2009ರ ಆಗಸ್ಟ್‌ನಲ್ಲಿ ಯೊಕೊಹಾಮಾದಲ್ಲಿ ಅನಾವರಣಗೊಳಿಸಿತು. 2010ರ ಡಿಸೆಂಬರ್‌ನಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ಅದರ ಮಾರಾಟ ಆರಂಭವಾಯಿತು. ಅದರ ಬ್ಯಾಟರಿಯ ಸಾಮರ್ಥ್ಯ 24 ಕಿಲೋವಾಟ್ ಗಂಟೆ, ಅಂದರೆ ಮನೆಯ ಲೆಕ್ಕದಲ್ಲಿ 24 ಯೂನಿಟ್. ಹಪ್ಪಳದಂತೆ ಚಪ್ಪಟೆಯಾದ 192 ಲಿಥಿಯಂ ಅಯಾನ್ ಕೋಶಗಳನ್ನು ನಾಲ್ಕು ನಾಲ್ಕರಂತೆ 48 ಡಬ್ಬಿಗಳಲ್ಲಿ ಜೋಡಿಸಿ, ಇಡೀ ಕಟ್ಟನ್ನು ಕಾರಿನ ತಳದಲ್ಲಿ ಗಾಳಿಯಾಡದಂತೆ ಮುಚ್ಚಲಾಗಿತ್ತು. ತಂಪುಗೊಳಿಸಲು ಫ್ಯಾನ್ ಇರಲಿಲ್ಲ, ದ್ರವ ಹರಿಯುವ ಕೊಳವೆಗಳೂ ಇರಲಿಲ್ಲ.

ಇದು ಅಜ್ಞಾನದಿಂದಾದ ಕೆಲಸವಲ್ಲ. 2008ರಲ್ಲಿ ಬಂದ ಟೆಸ್ಲಾ ರೋಡ್‌ಸ್ಟರ್ ತನ್ನ 6,831 ಪುಟ್ಟ ಕೋಶಗಳ ನಡುವೆ ತಂಪು ದ್ರವವನ್ನು ಹರಿಸುತ್ತಿತ್ತು. ಲೀಫ್‌ನ ಸಮಕಾಲೀನ ಷೆವ್ರೊಲೆ ವೋಲ್ಟ್ ಸಹ ಅದೇ ದಾರಿ ಹಿಡಿದಿತ್ತು. ಚಪ್ಪಟೆ ಕೋಶಕ್ಕೆ ಮೈ ಹೆಚ್ಚು, ಶಾಖ ತಾನಾಗಿಯೇ ಹೊರಹೋಗುತ್ತದೆ, ಪಂಪು ಕೊಳವೆಗಳಿಲ್ಲದಿದ್ದರೆ ಬೆಲೆ, ತೂಕ, ರಿಪೇರಿ ಎಲ್ಲವೂ ಕಡಿಮೆ ಎಂಬುದು ನಿಸಾನ್‌ನ ವಾದ. ಕಾರು ಓಡುವಾಗ ಬ್ಯಾಟರಿಯ ಒಳಗೆ ಹುಟ್ಟುವ ಶಾಖದ ಮಟ್ಟಿಗೆ ಈ ವಾದ ಸರಿಯೇ. ಹೊರಗಿನಿಂದ ಬರುವ ಶಾಖಕ್ಕೆ ಕೊಡಬೇಕಾದಷ್ಟು ಬೆಲೆ ಕೊಡಲಿಲ್ಲವೆಂಬುದೇ ನನ್ನ ಆಕ್ಷೇಪ.

ಹೊರಗಿನ ಶಾಖವೆಂದರೇನೆಂದು ಅರಿಯಲು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರಕ್ಕೆ ಹೋಗಬೇಕು. ಮರುಭೂಮಿಯ ಆ ಊರಿನಲ್ಲಿ ಬೇಸಿಗೆಯ ಎಷ್ಟೋ ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಾದ ಡಾಂಬರಿನ ಮೇಲೆ ನಿಂತ ಕಾರು ರಾತ್ರಿಯೂ ಸರಿಯಾಗಿ ತಣಿಯದು. ಲೀಫ್‌ನಲ್ಲಿ ಬ್ಯಾಟರಿಯ ಆರೋಗ್ಯ ತೋರಿಸಲು 12 ಗೀಟುಗಳಿದ್ದವು. ಸಾಮರ್ಥ್ಯ ಸುಮಾರು ಶೇಕಡ 15ರಷ್ಟು ಕುಂದಿದಾಗ ಮಾತ್ರ ಮೊದಲನೆಯ ಗೀಟು ಹೋಗುತ್ತದೆ; ಅನಂತರ ಸುಮಾರು ಶೇಕಡ 6ಕ್ಕೆ ಒಂದೊಂದು. ಐದು ವರ್ಷದ ಬಳಿಕವೂ ಶೇಕಡ 80ರಷ್ಟು ಸಾಮರ್ಥ್ಯ ಉಳಿದೀತೆಂದು ನಂಬಿ ಕೊಂಡಿದ್ದವರ ಕಾರುಗಳಲ್ಲಿ 2012ರ ಬೇಸಿಗೆಗೇ ಗೀಟುಗಳು ಮಾಯವಾಗತೊಡಗಿದವು.

ಈಗ ರೋಗನಿದಾನದ ಪ್ರಶ್ನೆ. ಕೆಟ್ಟಿರುವುದು ಬ್ಯಾಟರಿಯೋ, ಅದನ್ನು ಅಳೆಯುವ ಮೀಟರೋ? ಜ್ವರ ಬಂದವನನ್ನು ನೋಡುವ ಮೊದಲು ಥರ್ಮಾಮೀಟರನ್ನೇ ಅನುಮಾನಿಸುವಂತಹ ಪರಿಸ್ಥಿತಿ. ಮಾಲೀಕರಲ್ಲಿ ಕೈಚಳಕವಿದ್ದ ಕೆಲವರು ಕಾರಿನ ಒಳಗಿನ ಸಂಕೇತಗಳನ್ನು ನೇರವಾಗಿ ಓದುವ ಸಣ್ಣ ಉಪಕರಣವನ್ನೇ ಮಾಡಿಕೊಂಡರು. ಹೊಸ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ ಅದು ತೋರಿಸಬೇಕಾದ ಅಂಕಿ 281. ಇವರ ಕಾರುಗಳು ಅದಕ್ಕಿಂತ ಬಹಳ ಕೆಳಗೆ ನಿಂತಿದ್ದವು. ಅಷ್ಟಕ್ಕೇ ಬಿಡದೆ, 2012ರ ಸೆಪ್ಟೆಂಬರ್‌ನಲ್ಲಿ 12 ಲೀಫ್‌ಗಳನ್ನು ಪೂರ್ತಿ ಚಾರ್ಜ್ ಮಾಡಿ, ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ ಬ್ಯಾಟರಿ ಬರಿದಾಗುವವರೆಗೆ ಓಡಿಸಿದರು. ಹೊಸ ಕಾರು 84 ಮೈಲಿ ಹೋಗಬೇಕಾದಲ್ಲಿ ಒಂದೂ ಆ ಗುರಿ ಮುಟ್ಟಲಿಲ್ಲ. ತೀರ ಬಳಲಿದ್ದವು 60 ಮೈಲಿಯ ಆಸುಪಾಸಿನಲ್ಲಿಯೇ ನಿಂತವು.

ನಿಸಾನ್ ಸಂಸ್ಥೆ ಏಳು ಕಾರುಗಳನ್ನು ಅರಿಜೋನಾದ ಕಾಸಾ ಗ್ರಾಂಡೆಯಲ್ಲಿರುವ ತನ್ನ ಪರೀಕ್ಷಾ ಕೇಂದ್ರಕ್ಕೆ ಒಯ್ದು ತಪಾಸಣೆ ಮಾಡಿತು. ಬ್ಯಾಟರಿಗಳಲ್ಲಿ ದೋಷವಿಲ್ಲ, ಈ ಬಿಸಿಲಿಗೂ ಇಷ್ಟು ಓಡಾಟಕ್ಕೂ ಇದು ಸಹಜವೇ ಎಂಬುದು ಅದರ ತೀರ್ಮಾನ. ಮೀಟರು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆಂದೂ ಹೇಳಿತು. 2013ರಲ್ಲಿ ಮೀಟರಿನ ತಂತ್ರಾಂಶವನ್ನು ತಿದ್ದಿದ್ದೂ ನಿಜ. ಆದರೆ ರಸ್ತೆಯ ಮೇಲೆ ಕಡಿಮೆಯಾದ ಮೈಲಿಗಳನ್ನು ಯಾವ ತಂತ್ರಾಂಶವೂ ತುಂಬಿಕೊಡಲಾರದು.

ಒಳಗೆ ನಡೆಯುತ್ತಿದ್ದುದಾದರೂ ಏನು? ಉಷ್ಣಾಂಶ ಏರಿದಂತೆ ರಾಸಾಯನಿಕ ಕ್ರಿಯೆಗಳ ವೇಗ ಹೇಗೆ ಏರುತ್ತದೆಂದು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿಯೇ ಸೂತ್ರ ಬರೆದಿದ್ದರು. ಸ್ಥೂಲವಾಗಿ, ಹತ್ತು ಡಿಗ್ರಿ ಏರಿದರೆ ವೇಗ ಇಮ್ಮಡಿ. ಇದು ಬೇಕಾದ ಕ್ರಿಯೆಗೂ ಹೌದು, ಬೇಡದ ಕ್ರಿಯೆಗೂ ಹೌದು. ಬಿಸಿಯಲ್ಲಿ ಋಣ ವಿದ್ಯುದ್ವಾರದ ಮೇಲಿನ ಪೊರೆ ದಪ್ಪವಾಗುತ್ತ ಲಿಥಿಯಂ ಅನ್ನು ನುಂಗುತ್ತದೆ; ಧನ ವಿದ್ಯುದ್ವಾರದ ಮ್ಯಾಂಗನೀಸ್ ಕರಗಿ ದ್ರವಕ್ಕಿಳಿಯುತ್ತದೆ. ಪೂರ್ತಿ ಚಾರ್ಜ್ ಆಗಿ ಬಿಸಿಲಿನಲ್ಲಿ ಸುಮ್ಮನೆ ನಿಂತ ಕಾರಿಗೇ ಹೆಚ್ಚಿನ ಹಾನಿ. 2001ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರೇವಾ ಕಾರಿನ ಸೀಸ-ಆಮ್ಲದ ಬ್ಯಾಟರಿಗಾದರೆ, ಮನೆಯ ಇನ್ವರ್ಟರಿಗೆ ಮಾಡುವಂತೆ, ಆರಿದ ನೀರನ್ನು ಮತ್ತೆ ತುಂಬಬಹುದಿತ್ತು. ಮುಚ್ಚಿದ ಲಿಥಿಯಂ ಕೋಶಕ್ಕೆ ಆ ಉಪಾಯವಿಲ್ಲ.

ಹಾಗಾಗಿ ತತ್ಕಾಲದ ಚಿಕಿತ್ಸೆಯೆಲ್ಲ ಪಥ್ಯವೇ: ಶೇಕಡ 80ಕ್ಕೆ ಚಾರ್ಜ್ ನಿಲ್ಲಿಸುವುದು, ನೆರಳು ಹುಡುಕುವುದು, ಹೊರಡುವ ಹೊತ್ತಿಗೆ ಸರಿಯಾಗಿ ಚಾರ್ಜ್ ಮುಗಿಯುವಂತೆ ನೋಡಿಕೊಳ್ಳುವುದು. ಈ ನಡುವೆ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. 2012ರ ಡಿಸೆಂಬರ್‌ನಲ್ಲಿ ನಿಸಾನ್ ಹೊಸ ವಾರಂಟಿ ಘೋಷಿಸಿತು. ಐದು ವರ್ಷ ಅಥವಾ 60,000 ಮೈಲಿಯೊಳಗೆ ಗೀಟುಗಳು ಒಂಬತ್ತಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಸಂಸ್ಥೆಯೇ ಸರಿಪಡಿಸಬೇಕು ಅಥವಾ ಬದಲಿಸಬೇಕು. ಹಳೆಯ ಕಾರುಗಳಿಗೂ ಇದು ಅನ್ವಯವಾಯಿತು. 2014ರ ಜೂನ್‌ನಲ್ಲಿ ಬದಲಿ ಬ್ಯಾಟರಿಯ ಬೆಲೆ ಹೊರಬಿತ್ತು: ಹಳೆಯದನ್ನು ಮರಳಿಸಿದರೆ 5,499 ಡಾಲರ್. ಅದರ ಒಳಗಿದ್ದುದು ಬಿಸಿ ತಾಳುವ ಹೊಸ ರಸಾಯನ. ಮರುಭೂಮಿಯಲ್ಲಿಯೂ ಬದುಕುವ ಪ್ರಾಣಿಯ ಹೆಸರಿನಿಂದ ಅದನ್ನು ‘ಹಲ್ಲಿ ಬ್ಯಾಟರಿ’ ಎಂದೇ ಕರೆದರು. 2015ರ ಮಾದರಿಯ ಕಾರುಗಳಿಗೆ ಅದೇ ಬಂತು.

ಆದರೂ ತಂಪಿನ ವ್ಯವಸ್ಥೆ ಮಾತ್ರ ಬರಲಿಲ್ಲ. 2018ರಲ್ಲಿ 40 ಕಿಲೋವಾಟ್ ಗಂಟೆಯ ಹೊಸ ಲೀಫ್‌ನಲ್ಲಿ ದೂರ ಪ್ರಯಾಣ ಹೊರಟವರಿಗೆ ಇನ್ನೊಂದು ಅನುಭವವಾಯಿತು: ಒಂದೇ ದಿನ ಎರಡು ಮೂರು ಬಾರಿ ಶೀಘ್ರ ಚಾರ್ಜ್ ಮಾಡಿದರೆ ಬ್ಯಾಟರಿ ಕಾದು, ಕಾರು ತಾನೇ ಚಾರ್ಜಿನ ವೇಗ ತಗ್ಗಿಸುತ್ತಿತ್ತು. ತಂತ್ರಾಂಶ ತಿದ್ದಿ ಸ್ವಲ್ಪ ಸುಧಾರಿಸಿದರು. ಬ್ಯಾಟರಿಗೆ ದ್ರವದ ತಂಪು ಪಡೆದ ಲೀಫ್ ಹೊರಬಂದದ್ದು ಮೂರನೆಯ ಪೀಳಿಗೆಯಲ್ಲಿ, 2025ರಲ್ಲಿ.