ಬೆನೆ ಇಸ್ರೇಲರ ಮದುವೆಯೂಟ

ದೇವನಹಳ್ಳಿ ಟಿಪ್ಪು ಸುಲ್ತಾನರ ಜನ್ಮಸ್ಥಳವೆಂಬುದು ಎಲ್ಲರಿಗೂ ತಿಳಿದದ್ದೇ. ಅವರ ಹೆಸರು ಮುಂಬೈಯ ಒಂದು ಯಹೂದಿ ಪ್ರಾರ್ಥನಾ ಮಂದಿರದ ಕಥೆಯಲ್ಲೂ ಬರುತ್ತದೆ. ಕಂಪನಿ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ಎಝಕಿಯೆಲ್ ದಿವೇಕರ್ ಎರಡನೆಯ ಮೈಸೂರು ಯುದ್ಧದಲ್ಲಿ ಸೆರೆಯಾದರು. ಅವರು ಬೆನೆ ಇಸ್ರೇಲ್, ಅಂದರೆ ಕುರ್‌ಆನಿನಲ್ಲಿ ಹೆಸರಿರುವ ಬನೀ ಇಸ್ರಾಈಲ್ ಜನರೆಂದು ತಿಳಿದ ಟಿಪ್ಪುವಿನ ತಾಯಿ ಅವರ ಪ್ರಾಣ ಉಳಿಸಿದರೆಂದು ಆ ಸಮುದಾಯದವರು ಹೇಳುತ್ತಾ ಬಂದಿದ್ದಾರೆ. ದಿವೇಕರ್ 1796ರಲ್ಲಿ ಸ್ಥಾಪಿಸಿದ ಮಂದಿರದ ಈಗಿನ ಹೆಸರು ‘ಶಾರ್ ಹರಹಮೀಮ್’, ಅಂದರೆ ಕರುಣೆಯ ಬಾಗಿಲು. ನಾವು ಬಳಸುವ ‘ರಹೀಮ್’ ಪದದ ಮೂಲವೂ ಅದೇ.

ಕೊಂಕಣ ತೀರದ ಈ ಜನ ಹಿಂದೆ ಗಾಣದ ಕಸುಬಿನವರಾಗಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಅಕ್ಕಪಕ್ಕದವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಅವರ ಮದುವೆಯ ಅಡುಗೆಗೂ ಈ ದಿನವೇ ಮೊದಲ ಲೆಕ್ಕ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ ಒಲೆ ಹಚ್ಚುವಂತಿಲ್ಲ. ಭಾನುವಾರ ಮದುವೆಯಾದರೆ ಶುಕ್ರವಾರ ಹಗಲಿನಲ್ಲೇ ಸಿದ್ಧತೆ ಮುಗಿಸಿ, ಮತ್ತೆ ಶನಿವಾರ ರಾತ್ರಿಯೇ ಅಡುಗೆ ಹಿಡಿಯಬೇಕು.

ಎರಡನೆಯ ಲೆಕ್ಕ ಮಾಂಸದ್ದು. ಕುರಿ, ಮೇಕೆಗಳನ್ನು ತರಬೇತಿ ಪಡೆದ ಯಹೂದಿ ‘ಶೋಹೆತ್’ ಕೊಯ್ಯಬೇಕು; ಮಾಂಸವನ್ನು ನೀರಿನಲ್ಲಿ ನೆನೆಸಿ, ಉಪ್ಪು ಹಚ್ಚಿ ರಕ್ತ ತೆಗೆಯಬೇಕು. ಮೀನಿಗೆ ರೆಕ್ಕೆ ಮತ್ತು ಹುರುಪೆ ಎರಡೂ ಇರಬೇಕು; ಸಿಗಡಿ, ಏಡಿ ವರ್ಜ್ಯ. ಮಾಂಸದೊಂದಿಗೆ ಹಾಲು, ಮೊಸರು, ತುಪ್ಪ ಸೇರಕೂಡದು. ಈ ತೊಡಕನ್ನು ಬಿಡಿಸಿದ್ದು ಕೊಂಕಣದ ತೆಂಗಿನಕಾಯಿ. ಸಾರಿಗೂ ಹಲ್ವಕ್ಕೂ ಅದರ ಹಾಲೇ. ದ್ರಾಕ್ಷಾರಸದ ಬದಲು ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತನ್ನು ಬಳಸುವ ವಾಡಿಕೆಯೂ ಇತ್ತು.

ಮದುವೆಯಂಥ ಶುಭಕಾರ್ಯಗಳಲ್ಲಿ ‘ಮಲೀದಾ’ ಇರುತ್ತದೆ. ನಮ್ಮ ಮನೆಗಳ ಮಲೀದಾ ರೊಟ್ಟಿಯದು. ಅವರದು ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಏಲಕ್ಕಿಯದು. ಸುತ್ತ ಹಣ್ಣುಗಳನ್ನಿಟ್ಟು ಪ್ರವಾದಿ ಎಲಿಯಾಹು, ಅಂದರೆ ಹಜ್ರತ್ ಇಲ್ಯಾಸ್ (ಅ) ಅವರನ್ನು ಸ್ಮರಿಸುತ್ತಾರೆ. 1948ರ ನಂತರ ಹೆಚ್ಚಿನವರು ಇಸ್ರೇಲಿಗೆ ಹೋದರು. ಮಲೀದಾ ಅಲ್ಲಿಗೂ ಹೋಯಿತು.

ಸೂರಃ ಅಲ್ ಮಾಇದಃದ 5ನೆಯ ಸೂಕ್ತ ಗ್ರಂಥದವರ ಆಹಾರವನ್ನು ನಮಗೂ ನಮ್ಮ ಆಹಾರವನ್ನು ಅವರಿಗೂ ಅನುಮತಿಸಿದೆ. ಆದರೂ ಮೊಸರಿನಲ್ಲಿ ನೆನೆಸಿ ಮಾಡಿದ ನಮ್ಮ ಮಟನ್ ಬಿರಿಯಾನಿಯನ್ನು, ಅದು ಹಲಾಲ್ ಆಗಿದ್ದರೂ, ನಿಷ್ಠಾವಂತ ಯಹೂದಿ ಅತಿಥಿ ಮುಟ್ಟಲಾರ. ನಮಗೆ ಅನುಮತಿ ಇದ್ದ ಮಾತ್ರಕ್ಕೆ ಅವರಿಗೆ ಬಡಿಸಬಹುದೆಂದಲ್ಲ. ಹೊರಗೆ ಊಟಕ್ಕೆ ಕುಳಿತಾಗ ‘ಇದು ಹಲಾಲೇ?’ ಎಂದು ವಿಚಾರಿಸುವ ನಾವು, ನಮ್ಮ ಮನೆಗೆ ಬಂದವರನ್ನೂ ‘ತಮಗೆ ಏನು ಆಗುತ್ತದೆ?’ ಎಂದು ಮೊದಲೇ ಕೇಳಬೇಕು. ಅತಿಥಿ ಸತ್ಕಾರ ಆರಂಭವಾಗುವುದೇ ಆ ಪ್ರಶ್ನೆಯಿಂದ.